ಕ್ಲಾರಾ ಬಾರ್ಟನ್ನಳ ಕಡೆಯ ಪಾಠಶಾಲೆ

ಗಾಯಗೊಂಡು ಬಿದ್ದವನನ್ನು ಕಂಡು ಮರುಗದ ಮನಸ್ಸು ಲೋಕದಲ್ಲಿ ವಿರಳ. ಆದರೆ ಮರುಗಿದ ಮೇಲೆ ಏನು ಮಾಡಬೇಕೆಂಬುದನ್ನು ಅರಿಯದೆ ಕೈಕಟ್ಟಿ ನಿಲ್ಲುವವರೇ ಬಹುಮಂದಿ. ಯೆರಿಕೋವಿಗೆ ಹೋಗುವ ದಾರಿಯಲ್ಲಿ ಅರೆಜೀವವಾಗಿ ಬಿದ್ದಿದ್ದವನ ಸಾಮ್ಯವನ್ನು ನಮ್ಮ ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಬಲ್ಲಳು. ಆ ಸಮಾರ್ಯದವನ ದಯೆಯನ್ನು ನಾವು ಅನೇಕಾವರ್ತಿ ಕೊಂಡಾಡಿದ್ದೇವೆ. ಆದರೆ ಅವನ ಬಳಿಯಲ್ಲಿ ಎಣ್ಣೆಯೂ ದ್ರಾಕ್ಷಾರಸವೂ ಸಿದ್ಧವಾಗಿದ್ದುವೆಂಬುದನ್ನೂ, ಗಾಯವನ್ನು ಕಟ್ಟುವ ರೀತಿಯು ಅವನಿಗೆ ತಿಳಿದಿದ್ದಿತೆಂಬುದನ್ನೂ ನಾವು ಅಷ್ಟಾಗಿ ಗಮನಿಸುವುದಿಲ್ಲ. ಈ ಎರಡನೆಯ ವಿಷಯವನ್ನು ತನ್ನ ದೀರ್ಘವಾದ ಜೀವಮಾನದಲ್ಲೆಲ್ಲ ಕಣ್ಣಾರೆ ಕಂಡು, ಎಂಬತ್ತು ವರುಷಗಳು ದಾಟಿದ ಮೇಲೆ ಅದನ್ನು ಒಂದು ದೇಶಕ್ಕೇ ಪಾಠವಾಗಿ ಕಲಿಸಹೊರಟ ಉಪಾಧ್ಯಾಯಿನಿಯೊಬ್ಬಳ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದಿಡಲು ಅಪೇಕ್ಷಿಸುತ್ತೇನೆ. ಆಕೆಯ ಹೆಸರು ಕ್ಲಾರಾ ಬಾರ್ಟನ್. ಅಮೆರಿಕದ ರೆಡ್ ಕ್ರಾಸ್ ಸಂಘದ ಸ್ಥಾಪಕಿಯೆಂದು ಆಕೆಯನ್ನು ಬಲ್ಲವರು ಅನೇಕರು. ಆಕೆಯ ಕಡೆಯ ಕೆಲಸವನ್ನು ಬಲ್ಲವರು ಕೆಲವರು ಮಾತ್ರ.

ಕ್ಲಾರಾಳು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮ್ಯಾಸಚೂಸೆಟ್ಸಿನ ನಾರ್ತ್ ಆಕ್ಸ್‌ಫರ್ಡ್ ಎಂಬ ಊರಿನಲ್ಲಿ 1821ನೆಯ ಇಸವಿ ಡಿಸೆಂಬರ್ 25ನೆಯ ತಾರೀಖಿನಲ್ಲಿ, ಕ್ರಿಸ್ತಜಯಂತಿಯ ದಿನವೇ, ಜನಿಸಿದಳು. ಐವರು ಮಕ್ಕಳಲ್ಲಿ ಈಕೆಯೇ ಕಡೆಯವಳು. ತಂದೆಯು ಸೈನ್ಯದಲ್ಲಿ ಕೆಲಸ ಮಾಡಿ ಬಂದು ಒಕ್ಕಲುತನ ಮಾಡಿಕೊಂಡಿದ್ದನು. ಹುಡುಗಿಯು ಅತಿ ಸಂಕೋಚಸ್ವಭಾವದವಳು. ಅನ್ಯರೆದುರಿನಲ್ಲಿ ಬಾಯಿ ತೆರೆಯುವುದೆಂದರೆ ಆಕೆಗೆ ಭಯ. ಆಕೆಗೆ ಸುಮಾರು ಹನ್ನೊಂದು ವರುಷವಾಗಿದ್ದಾಗ, ಅಣ್ಣನಾದ ಡೇವಿಡನು ಕಣಜದ ಮನೆಯೊಂದರ ಮಾಡನ್ನು ಏರಿಸುತ್ತಿರುವಾಗ ಮೇಲಿನಿಂದ ಬಿದ್ದು ಹಾಸಿಗೆ ಹಿಡಿದನು. ಹೆಚ್ಚುಕಡಮೆ ಎರಡು ವರುಷಗಳ ಕಾಲ ಈ ಬಾಲಿಕೆಯು ಆಟಪಾಠಗಳನ್ನು ಬಿಟ್ಟು ಅಣ್ಣನ ಮಗ್ಗುಲಲ್ಲಿ ಕುಳಿತು ಶುಶ್ರೂಷೆ ಮಾಡಿದಳು. ಆ ಕಾಲದ ವೈದ್ಯ ಪದ್ಧತಿಯಂತೆ ರೋಗಿಯ ಮೈಗೆ ಜಿಗಣೆಗಳನ್ನು ಹಚ್ಚುವುದನ್ನು ಸಹ ಕಲಿತಳು. ರಕ್ತವನ್ನು ಹೀಗೆ ಹೀರಿಸುವುದರಿಂದ ಅಂಥ ರೋಗಿಗೆ ಹಿತವಿಲ್ಲವೆಂಬುದು ಈಗ ನಮಗೆ ತಿಳಿದಿದೆ. ಆಗ ವೈದ್ಯರಿಗೇ ತಿಳಿದಿರಲಿಲ್ಲ. ತಂಗಿಯ ಪ್ರೀತಿಯಲ್ಲಿ ಕೊರತೆಯೇನೂ ಇರಲಿಲ್ಲ, ಕೊರತೆಯಾದದ್ದು ತಿಳಿವಳಿಕೆ.

ನಾಚಿಕೆಯನ್ನು ಬಿಡಿಸುವುದಕ್ಕೆ ಈಕೆಗೆ ಜವಾಬುದಾರಿಯನ್ನು ಕೊಡುವುದೇ ಮದ್ದೆಂದು ಹಿತೈಷಿಗಳು ಹೇಳಿದಂತೆ, ಕ್ಲಾರಾಳು ಉಪಾಧ್ಯಾಯಿನಿಯ ಅರ್ಹತಾಪತ್ರವನ್ನು ಪಡೆದು 1839ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಪಾಠ ಹೇಳತೊಡಗಿದಳು. ತನಗಿಂತಲೂ ಎತ್ತರವಾಗಿ ಬೆಳೆದಿದ್ದ ತುಂಟ ಹುಡುಗರನ್ನು ಬೆತ್ತವಿಲ್ಲದೆ, ಅವರ ಆಟದಲ್ಲಿ ತಾನೂ ಸೇರಿ, ವಶಪಡಿಸಿಕೊಂಡಳು. ಹತ್ತು ವರುಷಗಳಿಗೂ ಮೇಲ್ಪಟ್ಟು ಈ ಉದ್ಯೋಗದಲ್ಲಿದ್ದು, 1852ರಲ್ಲಿ ನ್ಯೂಜೆರ್ಸಿಯ ಬಾರ್ಡನ್‌ಟೌನ್ ಎಂಬ ಊರಿಗೆ ಬಂದಳು. ಅಲ್ಲಿ ಬಡವರ ಮಕ್ಕಳು ಫೀಜು ಕೊಡಲಾರದೆ ಬೀದಿಯಲ್ಲಿ ಅಲೆಯುತ್ತಿದ್ದರು. ಕ್ಲಾರಾಳು ಊರಿನ ಹಿರಿಯರನ್ನು ಒಡಂಬಡಿಸಿ ಫೀಜಿಲ್ಲದ ಪಾಠಶಾಲೆಯೊಂದನ್ನು ತೆರೆದಳು. ಮೊದಲನೆಯ ದಿನ ಬಂದ ಮಕ್ಕಳು ಆರೇ ಮಂದಿ. ಬರಬರುತ್ತ ಆ ಸಂಖ್ಯೆಯು ನೂರುಗಟ್ಟಳೆಯಾಯಿತು. ಊರವರು ಸಂತೋಷಪಟ್ಟು ಹೊಸ ಶಾಲಾಗೃಹವನ್ನು ಕಟ್ಟಿಸಿದರು. ಕಟ್ಟಿಸಿದ ಮೇಲೆ ಅಷ್ಟು ದೊಡ್ಡ ಶಾಲೆಯನ್ನು ಹೆಂಗಸು ನಡಿಸಲಾರಳೆಂದು ನಿಶ್ಚಯಿಸಿ, ಆಕೆಯ ಮೇಲೆ ಒಬ್ಬ ಪುರುಷನನ್ನು ಮುಖ್ಯೋಪಾಧ್ಯಾಯನಾಗಿ ನೇಮಿಸಿ, ಅವನಿಗೆ ಆಕೆಯ ಸಂಬಳದ ಎರಡರಷ್ಟಕ್ಕೂ ಮಿಕ್ಕ ಸಂಬಳವನ್ನು ಗೊತ್ತುಮಾಡಿದರು. ಕ್ಲಾರಾಳ ದೇಹವೂ ಮನಸ್ಸೂ ಕುಗ್ಗಿದುವು. 1854ರಲ್ಲಿ ಆ ಊರನ್ನು ಬಿಟ್ಟು ವಾಷಿಂಗ್ಟನ್ ಪಟ್ಟಣಕ್ಕೆ ಹೋಗಿ ಪೇಟೆಂಟ್ ಆಫೀಸಿನಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿದಳು. ಅನಂತರ ಆಕೆಯು ಮಕ್ಕಳಿಗೆ ಅಕ್ಷರಗಳನ್ನು ಕಲಿಸಲಿಲ್ಲ. ಆದರೆ ಕಲಿಸುವ ಗುಣವು ಆಕೆಯನ್ನು ಬಿಟ್ಟುಹೋಗಲಿಲ್ಲವೆಂಬುದನ್ನು ಮುಂದೆ ಕಾಣುವೆವು.

1861ರಲ್ಲಿ ಆ ದೇಶದ ಉತ್ತರ ದಕ್ಷಿಣ ಪ್ರಾಂತ್ಯಗಳ ನಡುವೆ ಘೋರವಾದ ಅಂತರ್ಯುದ್ಧವು ತಲೆದೋರಿತು. ಬಾಲ್ಟಿಮೋರಿನ ಬೀದಿಯಲ್ಲಿ ಜನರ ಗುಂಪಿನಿಂದ ಪೆಟ್ಟುತಿಂದು ಬಂದ ಮ್ಯಾಸಚೂಸೆಟ್ಸಿನ ಸಿಪಾಯಿಗಳಲ್ಲಿ ಕೆಲವರು ಈಕೆಯ ಹಳೆಯ ಶಿಷ್ಯರೇ. ಮನೆಯಲ್ಲಿದ್ದ ಬಟ್ಟೆಗಳನ್ನು ಹರಿದು ಕೈವಸ್ತ್ರ ಕಟ್ಟುಪಟ್ಟಿಗಳನ್ನು ಮಾಡಿ ಅವರ ಬಳಿಗೆ ಓಡಿದಳು. ಅಂದು ಆರಂಭವಾದ ಸೇವೆಯು ನಾಲ್ಕು ವರುಷಗಳು ನಿಲ್ಲಲಿಲ್ಲ. 1862ನೆಯ ಆಗಸ್ಟಿನಲ್ಲಿ ಯುದ್ಧಭೂಮಿಗೇ ಹೋಗುವ ಅಪ್ಪಣೆಯು ದೊರೆಯಿತು. ಆ ತಿಂಗಳ ಕಡೆಯಲ್ಲಿ, ಬುಲ್ ರನ್ನಿನ ಎರಡನೆಯ ಕಾಳಗವಾದ ಮೇಲೆ, ಫೇರ್‌ಫ್ಯಾಕ್ಸ್ ಎಂಬ ರೈಲು ನಿಲ್ದಾಣದ ಬಳಿಯ ದಿಣ್ಣೆಯಲ್ಲಿ ಸಾವಿರಾರು ಗಾಯಾಳುಗಳನ್ನು ಒಣಹುಲ್ಲಿನ ಮೇಲೆ ಮಲಗಿಸಿದ್ದರು. ಈಕೆಯ ಬಳಿಯಲ್ಲಿದ್ದ ಪಾತ್ರೆಗಳು ಎರಡು ಬಕೀಟು, ಐದು ತಗಡಿನ ಲೋಟ, ಮತ್ತೆ ಕೆಲವು ಚಿಲ್ಲರೆ ಸಾಮಾನು, ಇಷ್ಟೇ. ರಾತ್ರಿಯಲ್ಲಿ ಮೇಣದಬತ್ತಿಗಳನ್ನು ಹಿಡಿದು ಆ ಹುಲ್ಲಿನ ನಡುವೆ ನಡೆಯುವವರ ಕೈ ತುಸು ಜಾರಿದರೂ ಎಲ್ಲರೂ ಬೆಂದು ಬೂದಿಯಾಗುವ ಭಯವಿದ್ದಿತು. ಅದೇ ಕಾಳಗದಲ್ಲಿ ಗಾಯಾಳುಗಳ ಗಾಡಿಗಳನ್ನು ಹೊಡೆಯಲು ಕೂಲಿಗೆ ಹಿಡಿದಿದ್ದ ಗಾಡಿಯವರಲ್ಲಿ ಎಷ್ಟೋ ಮಂದಿ ಹೆದರಿ ಓಡಿಹೋದರು.

ಸೆಪ್ಟೆಂಬರ್ 17ನೆಯ ತಾರೀಖು ಆಂಟೀಟಮ್ ಎಂಬ ಹೊಳೆಯ ಬಳಿ ಒಂದೇ ದಿನದಲ್ಲಿ ಎರಡೂ ಪಕ್ಷಗಳಿಂದ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23,000 ಮಂದಿ. ಶಸ್ತ್ರವೈದ್ಯರು ಬಟ್ಟೆಯಿಲ್ಲದೆ ಮುಸುಕಿನ ಜೋಳದ ಹಸುರೆಲೆಗಳಿಂದ ಗಾಯಗಳನ್ನು ಕಟ್ಟುತ್ತಿದ್ದಾಗ ಕ್ಲಾರಾಳ ಸಾಮಾನಿನ ಗಾಡಿಯು ಅಲ್ಲಿಗೆ ಮುಟ್ಟಿತು. ಆಕೆಯು ಒಬ್ಬ ಸಿಪಾಯಿಯ ತಲೆಯನ್ನೆತ್ತಿ ನೀರು ಕುಡಿಸುತ್ತಿರುವಾಗ ಗುಂಡೊಂದು ಆಕೆಯ ತೋಳಿನ ಬಟ್ಟೆಯನ್ನು ತೂರಿಕೊಂಡು ಹೋಗಿ ಆ ಸಿಪಾಯಿಯ ಪ್ರಾಣವನ್ನು ತೆಗೆಯಿತು. ಮತ್ತೊಬ್ಬನು ಕೆನ್ನೆಯಲ್ಲಿ ನಾಟಿದ್ದ ಗುಂಡಿನ ಬಾಧೆಯನ್ನು ಸಹಿಸಲಾರದೆ ಬೇಡಿಕೊಂಡಾಗ, ವೈದ್ಯರಿಗೆ ಬಿಡುವಿಲ್ಲದುದರಿಂದ, ತನ್ನ ಸಣ್ಣ ಚಾಕುವಿನಿಂದ ತಾನೇ ಅದನ್ನು ತೆಗೆದಳು. ವೈದ್ಯರಲ್ಲೊಬ್ಬನು ಆಕೆಯನ್ನು ರಣರಂಗದ ದೇವದೂತೆಯೆಂದು ಹೆಸರಿಸಿದನು.

ಈ ಸಂಗತಿಗಳನ್ನು ಓದಿ ಧೈರ್ಯವನ್ನು ಮೆಚ್ಚುವುದು ಸುಲಭ. ಆದರೆ ಒಂದು ವಿಷಯವನ್ನು ನಾವು ಮರೆಯಬಾರದು. ಕ್ಲಾರಾಳು ದಾದಿಯ ತರಬೇತನ್ನು ಎಲ್ಲಿಯೂ ಪಡೆದವಳಲ್ಲ. ದಾದಿಯರಿಗೆ ಕ್ರಮವಾಗಿ ಕಲಿಸುವ ಶಾಲೆಗಳು ಆ ದೇಶದಲ್ಲಿ ನೆಲೆಗೊಂಡುದು 1870ರ ಈಚೆಗೆ. ಹುಡುಗರಿಗೆ ಅಕ್ಷರ ಕಲಿಸಬೇಕಾದರೆ ಅರ್ಹತಾಪತ್ರ ಬೇಕಾಗಿದ್ದಿತು. ರಕ್ತ ಸುರಿಯುತ್ತಿರುವ ಮನುಷ್ಯನನ್ನು ಎತ್ತಿ ಗಾಡಿಯಲ್ಲಿಡುವವನಿಗೆ ಯಾವ ಪರೀಕ್ಷೆಯೂ ಇರಲಿಲ್ಲ. ಈ ಅವಿವೇಕವನ್ನು ಆ ಸೈನ್ಯದಲ್ಲಿ ಮೊದಲು ತಿದ್ದಹೊರಟವನು ಜೋನಥನ್ ಲೆಟರ್‌ಮನ್ ಎಂಬ ವೈದ್ಯನು. ಅವನು 1862ರಲ್ಲಿ ಸಿಪಾಯಿಗಳನ್ನೇ ಆರಿಸಿ, ಗಾಯಾಳುವನ್ನು ಎತ್ತುವುದನ್ನೂ ಇಳಿಸುವುದನ್ನೂ ಸಾಗಿಸುವುದನ್ನೂ ಅಭ್ಯಾಸ ಮಾಡಿಸಿ, ಆಂಬುಲೆನ್ಸ್ ದಳವನ್ನು ಏರ್ಪಡಿಸಿದನು. 1864ರಲ್ಲಿ ಇದು ಎಲ್ಲ ಸೈನ್ಯಗಳಿಗೂ ಕಾನೂನಾಯಿತು.

ಯುದ್ಧವು ಮುಗಿದ ತರುವಾಯ ಕ್ಲಾರಾಳು ಕಾಣೆಯಾದ ಸಿಪಾಯಿಗಳ ಸುಳಿವನ್ನು ಹುಡುಕಿ ಅವರ ತಾಯಂದಿರಿಗೂ ಹೆಂಡಿರಿಗೂ ತಿಳಿಸುವ ಕಾರ್ಯಾಲಯವನ್ನು ನಡಿಸಿದಳು. ಅಲ್ಲಿಗೆ ಬಂದ ಕಾಗದಗಳು ಸುಮಾರು 63,000. ಗತಿ ತಿಳಿದುಬಂದವರು 22,000ಕ್ಕೂ ಮೇಲ್ಪಟ್ಟವರು. ದೇಹವು ಬಳಲಿ, ವೈದ್ಯರ ಸಲಹೆಯಂತೆ 1869ರಲ್ಲಿ ಯೂರೋಪಿಗೆ ಹೋದಾಗ, ಜಿನೀವಾದಲ್ಲಿ ರೆಡ್ ಕ್ರಾಸ್ ಸಂಘದ ವಿಷಯವನ್ನು ಮೊದಲು ಕೇಳಿದಳು. 1864ರ ಜಿನೀವಾ ಒಡಂಬಡಿಕೆಗೆ ತನ್ನ ದೇಶವು ಇನ್ನೂ ಸಹಿಮಾಡಿರಲಿಲ್ಲವೆಂಬುದು ಆಕೆಗೆ ಲಜ್ಜೆಯನ್ನುಂಟುಮಾಡಿತು. ಫ್ರಾನ್ಸಿಗೂ ಜರ್ಮನಿಗೂ ನಡೆದ ಯುದ್ಧದಲ್ಲಿ ಆ ಸಂಘದವರೊಡನೆ ದುಡಿದು, ಹಾಳಾಗಿದ್ದ ಸ್ಟ್ರಾಸ್‌ಬರ್ಗ್ ಪಟ್ಟಣದ ಬಡಸ್ತ್ರೀಯರಿಗೆ ಹೊಲಿಗೆಯ ಕೆಲಸವನ್ನು ಕಲ್ಪಿಸಿ ಜೀವನೋಪಾಯವನ್ನು ತೋರಿಸಿದಳು. ಸ್ವದೇಶಕ್ಕೆ ಹಿಂದಿರುಗಿ, ವರುಷಗಟ್ಟಳೆ ಅಧಿಕಾರಿಗಳ ಬಾಗಿಲು ತಟ್ಟಿ, 1881ನೆಯ ಮೇ ತಿಂಗಳ 21ರಲ್ಲಿ ಅಮೆರಿಕದ ರೆಡ್ ಕ್ರಾಸ್ ಸಂಘವನ್ನು ಸ್ಥಾಪಿಸಿದಳು. ಮರುವರುಷ ಒಡಂಬಡಿಕೆಗೆ ಸಹಿ ಬಿದ್ದಿತು.

ಅದೇ ಕಾಲದಲ್ಲಿ ಯೂರೋಪಿನಲ್ಲಿ ಮತ್ತೊಂದು ಬೀಜವು ಮೊಳೆಯುತ್ತಿದ್ದಿತು. 1878ರಲ್ಲಿ ಇಂಗ್ಲೆಂಡಿನ ವುಲಿಚ್ ಎಂಬಲ್ಲಿ ಪೀಟರ್ ಷೆಫರ್ಡ್ ಎಂಬ ಸೈನ್ಯದ ವೈದ್ಯನೂ ಫ್ರಾನ್ಸಿಸ್ ಡಂಕನ್ ಎಂಬ ಅಧಿಕಾರಿಯೂ ಸೇಂಟ್ ಜಾನ್ ಆಂಬುಲೆನ್ಸ್ ಸಂಘದ ಪರವಾಗಿ ಸಾಧಾರಣ ಜನರಿಗೆ ಪ್ರಥಮ ಚಿಕಿತ್ಸೆಯನ್ನು ಕಲಿಸುವ ತರಗತಿಗಳನ್ನು ತೆರೆದರು. ಷೆಫರ್ಡನು ಮರುವರುಷ ಜನವರಿಯಲ್ಲಿ ಆಫ್ರಿಕದ ಇಸಾಂಡ್ಲ್‌ವಾನ ಕಾಳಗದಲ್ಲಿ ಮಡಿದನು. ಅವನ ಪಾಠಗಳು ಉಳಿದುವು. ಜರ್ಮನಿಯ ಕೀಲ್ ಪಟ್ಟಣದ ಶಸ್ತ್ರವೈದ್ಯನಾದ ಎಸ್ಮಾರ್ಕನು ಇದನ್ನು ನೋಡಿ ತನ್ನ ದೇಶದಲ್ಲಿಯೂ ಅಂಥ ಪಾಠಗಳನ್ನು ಆರಂಭಿಸಿ, 1882ರಲ್ಲಿ ಒಂದು ಸಂಘವನ್ನು ಸ್ಥಾಪಿಸಿ, ಅದಕ್ಕೆ ಸಮಾರ್ಯದವನ ಹೆಸರನ್ನೇ ಇಟ್ಟನು. ಕಲಿತವನನ್ನು ಪರೀಕ್ಷಿಸಿ ಅರ್ಹತಾಪತ್ರವನ್ನು ಕೊಡುವ ಪದ್ಧತಿಯು ಈ ತರಗತಿಗಳಿಂದ ಹಬ್ಬಿತು. ಗಣಿಗಳಲ್ಲಿಯೂ ರೈಲ್ವೆಯಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುವವರು ವೈದ್ಯನು ಬರುವ ತನಕ ಜೊತೆಗಾರನ ಜೀವವನ್ನು ಹಿಡಿದು ನಿಲ್ಲಿಸುವುದನ್ನು ಕಲಿತರು.

ಕ್ಲಾರಾಳ ಸಂಘವಾದರೋ ಇಪ್ಪತ್ತು ವರುಷಗಳ ಕಾಲ ಬೆಂಕಿ, ನೆರೆ, ಬಿರುಗಾಳಿಗಳ ಹಿಂದೆ ಓಡಾಡುತ್ತಿದ್ದಿತು. ಯುದ್ಧವಿಲ್ಲದ ಕಾಲದಲ್ಲಿಯೂ ಆಪತ್ತಿನಲ್ಲಿರುವವರಿಗೆ ರೆಡ್ ಕ್ರಾಸ್ ನೆರವಾಗಬೇಕೆಂಬ ಆಕೆಯ ವಾದವನ್ನು 1884ರಲ್ಲಿ ಜಿನೀವಾದ ಮಹಾಸಭೆಯು ಒಪ್ಪಿಕೊಂಡಿತು. 1889ರಲ್ಲಿ ಜಾನ್ಸ್‌ಟೌನಿನ ಮೇಲ್ಗಡೆಯ ಅಣೆಕಟ್ಟು ಒಡೆದು 2,209 ಜನರು ನೀರಿನ ಪಾಲಾದಾಗ, ಅರುವತ್ತೇಳು ವರುಷದ ಈಕೆಯು ಐದು ತಿಂಗಳು ಅಲ್ಲಿಯೇ ನಿಂತು ನಿರ್ವಾಹ ಮಾಡಿದಳು. 1898ರಲ್ಲಿ ಕ್ಯೂಬಾದ ಯುದ್ಧಭೂಮಿಗೂ, 1900ರಲ್ಲಿ ಬಿರುಗಾಳಿಯಿಂದ ನೆಲಸಮವಾದ ಗ್ಯಾಲ್ವೆಸ್ಟನಿಗೂ ಹೋದಳು. ಎಲ್ಲೆಲ್ಲಿಯೂ ಆಕೆಯು ಕಂಡುದು ಒಂದೇ. ಅನ್ನವಸ್ತ್ರಗಳು ಬಂಡಿಯಲ್ಲಿ ಬರುವವು. ವೈದ್ಯರು ರೈಲಿನಲ್ಲಿ ಬರುವರು. ಅವರು ಬರುವ ಮೊದಲು ಕಳೆಯುವ ಹೊತ್ತಿನಲ್ಲಿ ಗಾಯಾಳುವಿನ ಬಳಿಯಲ್ಲಿರುವವರು ನೆರೆಹೊರೆಯವರು ಮಾತ್ರ. ಆ ನೆರೆಹೊರೆಯವರಿಗೆ ಕಲಿಸುವವರಾರು? ಈ ಯೋಚನೆಯಿಂದ 1903ರಲ್ಲಿ ಸಂಘದೊಳಗೆ ಪ್ರಥಮ ಚಿಕಿತ್ಸೆಯ ಶಾಖೆಯೊಂದು ಏರ್ಪಟ್ಟಿತು.

ಅಷ್ಟರಲ್ಲಿ ಆಕೆಯ ಬಾಳಿನ ಅತ್ಯಂತ ಕಹಿಯಾದ ಗಳಿಗೆಯು ಒದಗಿತು. ಇದನ್ನು ಮರೆಮಾಚಿ ಹೇಳುವುದು ನ್ಯಾಯವಲ್ಲ. ಕ್ಲಾರಾಳಿಗೆ ಅಧಿಕಾರವನ್ನು ಹಂಚಿಕೊಳ್ಳುವುದು ತಿಳಿಯದು. ಸಂಘವೆಂದರೆ ತಾನೇ ಎಂಬಂತೆ ನಡಿಸುತ್ತ ಬಂದಳು; ಆಪತ್ಕಾಲದ ಅವಸರದಲ್ಲಿ ಲೆಕ್ಕಪತ್ರಗಳು ಕ್ರಮವಾಗಿರಲಿಲ್ಲ. ಸಂಘದಲ್ಲಿ ಎರಡು ಪಕ್ಷಗಳಾಗಿ, ವಿಚಾರಣೆಯೂ ಹುಟ್ಟಿತು. ಆಕೆಯು ಸ್ವಂತಕ್ಕೆ ಬಳಸಿಕೊಂಡಳೆಂಬುದಕ್ಕೆ ಪ್ರಮಾಣವೇನೂ ದೊರೆಯದೆ ಆ ವಿಚಾರಣೆಯು ನಿಂತುಹೋಯಿತು. ಆದರೂ 1904ನೆಯ ಮೇ 14ರಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ, ತಾನು ಹುಟ್ಟಿಸಿದ ಸಂಘದ ಅಧ್ಯಕ್ಷಪದವಿಗೆ ರಾಜೀನಾಮೆಯಿತ್ತು ಹೊರಬಂದಳು. ಹೊಸ ಆಡಳಿತದವರು ಪ್ರಥಮ ಚಿಕಿತ್ಸೆಯ ಶಾಖೆಯನ್ನು ಕೈಬಿಟ್ಟರು. ಬಾರ್ಡನ್‌ಟೌನಿನಲ್ಲಿ ನಡೆದುದೇ ಎರಡನೆಯಾವರ್ತಿ ನಡೆಯಿತೆಂದು ಆಕೆಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಮೊದಲನೆಯ ಸಲ ತಪ್ಪೆಲ್ಲವೂ ಊರವರದು. ಈ ಸಲ ಅದರಲ್ಲಿ ಆಕೆಯ ಪಾಲೂ ಇದ್ದಿತು.

ಇಂಥ ಅವಮಾನವಾದ ಮೇಲೆ ವೃದ್ಧೆಯೊಬ್ಬಳು ಬಾಗಿಲು ಹಾಕಿಕೊಂಡು ಮನೆಯಲ್ಲಿ ಕುಳಿತರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕ್ಲಾರಾಳು ಹಾಗೆ ಕುಳಿತುಕೊಳ್ಳಲಿಲ್ಲ. 1905ರಲ್ಲಿ ಕೆಲವರು ಸಹಾಯಕರನ್ನು ಕೂಡಿಕೊಂಡು ಅಮೆರಿಕದ ರಾಷ್ಟ್ರೀಯ ಪ್ರಥಮ ಚಿಕಿತ್ಸಾ ಸಂಘವನ್ನು ಸ್ಥಾಪಿಸಿದಳು. ಐದು ವರುಷಗಳ ಕಾಲ ಅದರ ಗೌರವಾಧ್ಯಕ್ಷೆಯಾಗಿದ್ದಳು. ಸಾಮಾನ್ಯ ಸ್ತ್ರೀಪುರುಷರಿಗೆ ಪ್ರಥಮ ಚಿಕಿತ್ಸೆಯ ಪಾಠ ಹೇಳುವುದು, ಅದಕ್ಕೆ ಬೇಕಾದ ಸಾಮಾನುಗಳ ಪೆಟ್ಟಿಗೆಯನ್ನು ಸಿದ್ಧಪಡಿಸುವುದು, ಪೋಲೀಸಿನವರೊಡನೆಯೂ ಬೆಂಕಿ ಆರಿಸುವವರೊಡನೆಯೂ ಕೂಡಿ ಆಂಬುಲೆನ್ಸ್ ದಳಗಳನ್ನು ಕಟ್ಟುವುದು, ಇವೇ ಆ ಸಂಘದ ಉದ್ದೇಶಗಳು. ಆರು ಮಂದಿ ಮಕ್ಕಳೊಡನೆ ಶಾಲೆ ತೆರೆದಿದ್ದ ಉಪಾಧ್ಯಾಯಿನಿಯು ಎಂಬತ್ತಮೂರನೆಯ ವಯಸ್ಸಿನಲ್ಲಿ ಮತ್ತೆ ಶಾಲೆಯನ್ನು ತೆರೆದಳು. ಈ ಸಲ ಆಕೆಯ ವಿದ್ಯಾರ್ಥಿಗಳು ಕೂಲಿಕಾರರು, ಪೋಲೀಸಿನವರು, ಮನೆವಾರ್ತೆ ನೋಡುವ ಹೆಂಗಸರು. ಕೆಲವು ವರುಷಗಳೊಳಗಾಗಿ ರೆಡ್ ಕ್ರಾಸ್ ಸಂಘವೂ ಪ್ರಥಮ ಚಿಕಿತ್ಸೆಯ ಪಾಠಗಳನ್ನು ತಾನೇ ಪುನಃ ಕೈಕೊಂಡು ದೇಶವೆಲ್ಲ ಹರಡಿತು. ಆಕೆಯ ಚಿಕ್ಕ ಸಂಘದ ಹೆಸರು ಮರೆತುಹೋಯಿತು, ಕೆಲಸವು ನಿಂತಿತು. 1912ನೆಯ ಏಪ್ರಿಲ್ 12ರಲ್ಲಿ ಮೇರಿಲೆಂಡಿನ ಗ್ಲೆನ್ ಎಕೋ ಎಂಬಲ್ಲಿದ್ದ ತನ್ನ ಮನೆಯಲ್ಲಿ ಕ್ಲಾರಾ ಬಾರ್ಟನ್ ತೊಂಬತ್ತನೆಯ ವಯಸ್ಸಿನಲ್ಲಿ ಕರ್ತನಲ್ಲಿ ನಿದ್ರೆಹೋದಳು. ಹುಟ್ಟಿದ ಊರಿನಲ್ಲಿಯೇ ಆಕೆಯ ಸಮಾಧಿಯಿದೆ.

ಆಕೆಯು ಹಾಕಿದ ಪಾಠವನ್ನು ಪೂರ್ತಿಯಾಗಿ ಕಲಿಯಲು ಆ ಸಂಪದ್ಭರಿತ ದೇಶಕ್ಕೂ ಮತ್ತೆ ಅರ್ಧ ಶತಮಾನವು ಹಿಡಿಯಿತು. 1966ರಲ್ಲಿ ಅಲ್ಲಿನ ವಿದ್ವಾಂಸರ ಸಭೆಯೊಂದು ಪ್ರಕಟಿಸಿದ ವರದಿಯಿಂದ, ದೇಶದ ಆಂಬುಲೆನ್ಸ್ ಸೇವೆಯಲ್ಲಿ ಸುಮಾರು ಅರ್ಧವು ಶವಸಂಸ್ಕಾರದ ಏರ್ಪಾಡು ಮಾಡುವವರ ಕೈಯಲ್ಲಿದೆಯೆಂದು ಜನರಿಗೆ ತಿಳಿಯಿತು. ಮಲಗಿಸಿಕೊಂಡು ಹೋಗುವಷ್ಟು ಉದ್ದದ ಬಂಡಿಗಳು ಅವರಲ್ಲಿದ್ದುವೆಂಬುದೇ ಅದಕ್ಕೆ ಕಾರಣ. ಆ ಮೇಲೆ ತುರ್ತು ಚಿಕಿತ್ಸಾ ತಂತ್ರಜ್ಞರೆಂಬ ಹೊಸ ವೃತ್ತಿಯವರಿಗೆ ಪಾಠಕ್ರಮವು ಗೊತ್ತಾಯಿತು. 1970ರಲ್ಲಿ ಅವರನ್ನು ಪರೀಕ್ಷಿಸಿ ಹೆಸರು ದಾಖಲು ಮಾಡುವ ರಾಷ್ಟ್ರೀಯ ಸಂಸ್ಥೆಯು ಹುಟ್ಟಿತು. ಉಸಿರಾಟದ ದಾರಿಯನ್ನು ತೆರವಾಗಿಡುವುದು, ರಕ್ತಸ್ರಾವವನ್ನು ತಡೆಯುವುದು, ನಿಂತ ಹೃದಯವನ್ನು ಎದೆಯೊತ್ತಿ ನಡಿಸುವುದು, ಮುರಿದ ಎಲುಬಿಗೆ ದಬ್ಬೆ ಕಟ್ಟುವುದು, ಇವುಗಳನ್ನು ಬರಹದಲ್ಲಿಯೂ ಕೈಕೆಲಸದಲ್ಲಿಯೂ ತೋರಿಸಿದವರಿಗೇ ಅದರ ಅರ್ಹತಾಪತ್ರ. ಆ ಪತ್ರವೂ ಶಾಶ್ವತವಲ್ಲ; ಎರಡೆರಡು ವರುಷಗಳಿಗೊಮ್ಮೆ ಕಲಿಕೆಯನ್ನು ಹೊಸದುಮಾಡಿಕೊಳ್ಳತಕ್ಕದ್ದು. ಕೈಯು ಬಲುಬೇಗನೆ ಮರೆಯುವುದೆಂಬುದನ್ನು ಬಲ್ಲವರು ಮಾಡಿದ ನಿಯಮವಿದು.

ನಮ್ಮ ನಾಡಿಗೂ ಈ ಧಾರೆಯು ಹರಿದುಬಂದಿದೆ. ಭಾರತದ ರೆಡ್ ಕ್ರಾಸ್ ಸಂಘವು 1920ರಲ್ಲಿ ಸ್ಥಾಪಿತವಾಯಿತು. ಕರ್ನಾಟಕದಲ್ಲಿ 2008ರಿಂದ 108ರ ಆಂಬುಲೆನ್ಸುಗಳು ಓಡಾಡುತ್ತಿವೆ. ಅವುಗಳಲ್ಲಿ ಚಾಲಕನ ಜೊತೆಗೆ ತರಬೇತಾದ ತುರ್ತು ಚಿಕಿತ್ಸಾ ತಂತ್ರಜ್ಞರೊಬ್ಬರಿರುತ್ತಾರೆ. ಆದರೂ ಬಂಡಿಯು ಬಾಗಿಲಿಗೆ ಬರುವ ಮೊದಲು ಕಳೆಯುವ ನಿಮಿಷಗಳು ಇಂದಿಗೂ ನೆರೆಹೊರೆಯವರ ವಶದಲ್ಲಿಯೇ ಇವೆ.

ಇದನ್ನು ನಾನು ಕಲಿತ ಬಗೆಯನ್ನು ಹೇಳಿ ಮುಗಿಸುತ್ತೇನೆ. ಕೆಲವು ವರುಷಗಳ ಹಿಂದೆ ನಮ್ಮ ಆಟದ ಬಯಲಿನಲ್ಲಿ ಹುಡುಗಿಯೊಬ್ಬಳು ಬಿದ್ದು ಮೂರ್ಛೆಹೋದಳು. ನಾವು ಉಪಾಧ್ಯಾಯಿನಿಯರೆಲ್ಲ ಓಡಿದೆವು. ಸುತ್ತಲೂ ಮುತ್ತಿ ಗಾಳಿಯನ್ನು ತಡೆದೆವು; ಪ್ರಾರ್ಥಿಸಿದೆವು; ನಾನು ಲೋಟದಲ್ಲಿ ನೀರು ತರಿಸಿ ಆ ಮಗುವಿನ ಬಾಯಿಗೆ ಹೊಯ್ಯಲು ಬಗ್ಗಿದೆನು. ಪ್ರಥಮ ಚಿಕಿತ್ಸೆಯ ಪಾಠವನ್ನು ಕೇಳಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಕೈ ಹಿಡಿದು ತಡೆದಳು. ಎಚ್ಚರವಿಲ್ಲದವರಿಗೆ ನೀರು ಕುಡಿಸಿದರೆ ಅದು ಉಸಿರಿನ ದಾರಿಗೆ ಇಳಿದು ಪ್ರಾಣಕ್ಕೇ ಅಪಾಯವೆಂದು ಮೆಲ್ಲನೆ ತಿಳಿಸಿ, ಬಿದ್ದವಳು ಉಸಿರಾಡುತ್ತಿರುವುದನ್ನು ನೋಡಿಕೊಂಡು, ಆಕೆಯನ್ನು ಮಗ್ಗುಲಾಗಿ ತಿರುಗಿಸಿ ಮಲಗಿಸಿದಳು. ಮುಖ್ಯೋಪಾಧ್ಯಾಯಿನಿಯ ಕೈಯನ್ನು ಹಿಡಿಯುವ ಧೈರ್ಯವನ್ನು ಆಕೆಗೆ ಕೊಟ್ಟುದು ವಿದ್ಯೆಯೇ. ಬಿದ್ದ ಮಗುವು ಚೇತರಿಸಿಕೊಂಡಳು. ನಾನು ಆ ವರುಷವೇ ನನ್ನ ವಿದ್ಯಾರ್ಥಿನಿಯರ ಜೊತೆಯಲ್ಲಿ ಬೆಂಚಿನ ಮೇಲೆ ಕುಳಿತು ಆ ಪಾಠಗಳನ್ನು ಕೇಳಿ ಪರೀಕ್ಷೆಗೆ ನಿಂತೆನು. ಬ್ಯಾಂಡೇಜಿನ ಗಂಟು ಎರಡು ಸಲ ತಪ್ಪಿ ಮೂರನೆಯ ಸಲ ಸರಿಯಾಯಿತೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ತಾಯಿತಂದೆಗಳೇ, ನಿಮ್ಮ ಹೆಣ್ಣುಮಕ್ಕಳಲ್ಲಿ ದಯೆಯನ್ನು ನೀವು ಮನೆಯಲ್ಲಿಯೇ ಬೆಳೆಸಿ ನಮ್ಮ ಬಳಿಗೆ ಕಳುಹಿಸುತ್ತೀರಿ. ಆ ದಯೆಗೆ ಕೈ ಕೊಡುವ ಕೆಲಸದಲ್ಲಿ ನಮಗೆ ನೆರವಾಗಿರಿ. ಪ್ರಥಮ ಚಿಕಿತ್ಸೆಯ ತರಗತಿಯಿರುವ ಶನಿವಾರದಲ್ಲಿ ಮಗಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿರಿ. ಆಂಬುಲೆನ್ಸಿನಲ್ಲಿ ದುಡಿಯುವ ವೃತ್ತಿಯನ್ನು ಆಕೆಯು ಅಪೇಕ್ಷಿಸಿದರೆ ಅದು ಹೆಣ್ಣಿಗೆ ತಕ್ಕುದಲ್ಲವೆಂದು ಬಾರ್ಡನ್‌ಟೌನಿನ ಹಿರಿಯರಂತೆ ತೀರ್ಮಾನಿಸಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ಶಾಲೆಯಲ್ಲಿ ನೀವು ಪಡೆದ ಅರ್ಹತಾಪತ್ರವು ಪೆಟ್ಟಿಗೆಯ ತಳದಲ್ಲಿದ್ದರೆ ಅದನ್ನು ತೆಗೆದು ನೋಡಿರಿ; ಕೈಗೆ ಪಾಠವು ಇನ್ನೂ ನೆನಪಿದೆಯೋ ಇಲ್ಲವೋ ಪರೀಕ್ಷಿಸಿಕೊಳ್ಳಿರಿ. ಎಂಬತ್ತಮೂರನೆಯ ವಯಸ್ಸಿನಲ್ಲಿ ಕಲಿಸಲು ತೊಡಗಿದವಳೊಬ್ಬಳು ನಮಗೆ ಮೊದಲಿದ್ದಳು. ಕಲಿಯುವುದಕ್ಕೆ ನಮ್ಮಲ್ಲಿ ಯಾರಿಗೂ ಹೊತ್ತು ಮೀರಿಲ್ಲ.